ಹೂ ಮಳೆಗೆ ಶುರು ಮಾಡಿದರೆ ಕೊಯ್ಲಿಗೆ ಹಣ

ವೆಂಚರ್ ಬಂಡವಾಳ, ಅಂದರೆ ಷೇರು ಕೊಟ್ಟು ಫಂಡುಗಳಿಂದ ಹಣ, ಎತ್ತುವುದು ಆರು ತಿಂಗಳ ಕೆಲಸ. ಮೂರೇ ತಿಂಗಳಿಗೆ ಮುಗಿಸಿದವರಿದ್ದಾರೆ, ವರ್ಷವಿಡೀ ಎಳೆದವರೂ ಇದ್ದಾರೆ. ಆದರೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದಲ್ಲಿ ಕೂತು ಕಾಫಿ, ಮೆಣಸಿಗೆ ಸಂಬಂಧಪಟ್ಟ ಕಂಪನಿ ಕಟ್ಟಿದವರು ಆರು ತಿಂಗಳೆಂದೇ ಹಿಡಿದು ಹಿಂದಕ್ಕೆ ಎಣಿಸಬೇಕು. ಅರೇಬಿಕಾ ಕೊಯ್ಲು ನವೆಂಬರಿಗೆ ಹಿಡಿಯುತ್ತದೆ. ಆ ಹೊತ್ತಿಗೆ ಹಣ ಕೈಯಲ್ಲಿಲ್ಲದಿದ್ದರೆ ಜನರನ್ನು ಸೇರಿಸಲಾಗದೆ, ಯಂತ್ರ ಕೊಳ್ಳಲಾಗದೆ ಒಂದು ಸೀಸನ್ ಪೂರ್ತಿ ಹೋಯಿತು. ಅಕ್ಟೋಬರಿಗೆ ಹಣ ಬೇಕಾದರೆ ಏಪ್ರಿಲ್‌ನಲ್ಲೇ ಹೊರಡಬೇಕು. ಆಗ ಕಾಫಿ ಅರಳಿಸುವ ಹೂ ಮಳೆ ಬಿದ್ದಿರುತ್ತದೆ, ರೋಬಸ್ಟಾ ಕಣದಿಂದ ಎದ್ದಿರುತ್ತದೆ, ಮಾರ್ಚ್ 31ರ ಲೆಕ್ಕವೂ ಮುಚ್ಚಿರುತ್ತದೆ. ಹೊಸದಾಗಿ ಮುಗಿದ ಒಂದು ಇಡೀ ಸೀಸನ್ನಿನ ಅಂಕಿಗಳನ್ನು ಹಿಡಿದು ಮಾತಾಡಬಹುದು. ಜುಲೈನಲ್ಲಿ ಹೊರಟವರಿಗೆ ಎರಡೂ ಕಡೆ ನಷ್ಟ. ಮಳೆಗೆ ಕರೆಂಟು, ನೆಟ್‌ವರ್ಕ್ ಕೈಕೊಟ್ಟು ವಿಡಿಯೊ ಕರೆ ಅರ್ಧಕ್ಕೆ ನಿಲ್ಲುತ್ತದೆ. ಫಂಡಿನವರು ನೋಡಿಹೋಗಲು ಬಂದರೆ ಕಣ ಖಾಲಿ.

ಹೊರಡುವ ಮುಂಚೆ ಇದು ವೆಂಚರ್ ಹಣಕ್ಕೆ ಹೊಂದುವ ವ್ಯಾಪಾರವೇ ಎಂಬುದೂ ಇತ್ಯರ್ಥವಾಗಬೇಕು. ಫಂಡಿನಲ್ಲಿರುವುದು ಕೂಡ ಬೇರೆಯವರ ದುಡ್ಡು, ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಬೆಳೆಸಿ ಹಿಂದಿರುಗಿಸಬೇಕಾದದ್ದು. 100 ಕೋಟಿಯ ಫಂಡು ನಿಮ್ಮಲ್ಲಿ ಶೇ 20 ಕೊಂಡಿತು ಅನ್ನಿ. ಮುಂದೆ ಮತ್ತೆ ಹಣ ಎತ್ತುವ ಸುತ್ತುಗಳಲ್ಲಿ ಆ ಪಾಲು ಕರಗುತ್ತ ಶೇ 12ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಆ 12ರಿಂದಲೇ ಫಂಡಿನ 100 ಕೋಟಿ ಹುಟ್ಟಬೇಕಾದರೆ ಕಂಪನಿ ಸುಮಾರು 830 ಕೋಟಿ ಬೆಲೆ ಬಾಳಬೇಕು. ಹಣ ಹಾಕಿದ ಕಂಪನಿಗಳಲ್ಲಿ ಬಹಳಷ್ಟು ಅಸಲನ್ನೂ ಹುಟ್ಟಿಸುವುದಿಲ್ಲ ಎಂದು ಅವರಿಗೆ ಗೊತ್ತು, ಅದಕ್ಕೇ ಪ್ರತಿಯೊಂದರಲ್ಲೂ ಈ ಸಾಧ್ಯತೆಯನ್ನು ಹುಡುಕುತ್ತಾರೆ. ವರ್ಷಕ್ಕೆ 3 ಕೋಟಿ ವಹಿವಾಟು ಮಾಡಿ 40 ಲಕ್ಷ ಉಳಿಸುವ ಕಾಫಿ ಪುಡಿ ಘಟಕ ಬಹಳ ಒಳ್ಳೆಯ ವ್ಯಾಪಾರ. ಆದರೆ ಅದಕ್ಕೆ ಬೇಕಾದದ್ದು ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆ. ವೆಂಚರ್ ಹಣ ತಂದರೆ ಐದನೇ ವರ್ಷಕ್ಕೆ ಇಬ್ಬರಿಗೂ ತಲೆನೋವು.

ಕಾಫಿ ನಾಡಿಗೆ ಈ ಲೆಕ್ಕ ಹೊಸದೇನಲ್ಲ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 1999ರಲ್ಲಿ ಐಟಿ ಕಂಪನಿ ಮೈಂಡ್‌ಟ್ರೀ ಶುರುವಾದಾಗಲೇ ಹಣ ಹಾಕಿದ್ದರು. 2019ರಲ್ಲಿ ಆ ಪಾಲು ಎಲ್ ಅಂಡ್ ಟಿಗೆ ಹೋದದ್ದು 3,000 ಕೋಟಿಗೂ ಮೇಲೆ. ಫಂಡಿನವರು ಹುಡುಕುವುದು ಅಂಥದ್ದನ್ನೇ, ಆದರೆ ಇಪ್ಪತ್ತು ವರ್ಷ ಕಾಯುವ ವ್ಯವಧಾನ ಅವರಿಗಿಲ್ಲ.

ಷೇರು ಬಿಡದೆ ಸಿಗುವ ಹಣವನ್ನು ಮೊದಲು ನೋಡುವುದು ಜಾಣತನ. ರಾಜ್ಯದ ಸ್ಟಾರ್ಟಪ್ ಸ್ಪರ್ಧೆ ಎಲಿವೇಟ್‌ನಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನವಿದೆ. ಕೇಂದ್ರದ ಸೀಡ್ ಫಂಡ್ ಯೋಜನೆ 2021ರಲ್ಲಿ ನಾಲ್ಕು ವರ್ಷಕ್ಕೆಂದು ಬಂತು, ಈಗ ಅರ್ಜಿ ತೆರೆದಿದೆಯೇ ನೋಡಿಕೊಳ್ಳಬೇಕು. ಅದರಲ್ಲಿ ಹೊಸ ಕಂಪನಿಗಳಿಗೆ ಆಸರೆ ಕೊಡುವ ಇನ್‌ಕ್ಯುಬೇಟರ್ ಮೂಲಕ ಮಾದರಿ ತಯಾರಿಸಲು 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಇಲ್ಲವೇ ಷೇರಾಗಿ ಬದಲಾಗುವ ಪತ್ರದ ರೂಪದ ಹಣ ಎಂದು ನಿಗದಿಯಾಗಿತ್ತು. ಈ ಹಣದಲ್ಲಿ ಒಂದು ಸೀಸನ್ ಓಡಿಸಿ ತೋರಿಸಿದವರಿಗೆ ಆಮೇಲೆ ಸಿಗುವ ಬೆಲೆಯೇ ಬೇರೆ.

ಹೂಡಿಕೆದಾರರಿಗೆ ತೋರಿಸುವ ಪಿಚ್ ಡೆಕ್ 12 ಪುಟ ದಾಟಬಾರದು. ಅದರ ರೂಪದ ಬಗ್ಗೆ ಎಲ್ಲರೂ ಹೇಳುತ್ತಾರೆ, ಇಲ್ಲಿ ಬೇಡ. ಕಾಫಿ ಕಡೆಯವರು ಎಡವುವುದು ಅಂಕಿಗಳಲ್ಲಿ. ತೋಟದಲ್ಲಿ ಬೆಲೆ ಮಾತಾಡುವುದು 50 ಕೆಜಿ ಚೀಲದ ಲೆಕ್ಕಕ್ಕೆ, ಅದರ ಬೆನ್ನಿಗೇ ಒಟಿ (ಔಟ್ ಟರ್ನ್). ಒಟಿ 26 ಅಂದರೆ ಒಂದು ಚೀಲ ಒಣ ಚೆರಿಯನ್ನು ಸಿಪ್ಪೆ ಬಿಡಿಸಿದಾಗ 26 ಕೆಜಿ ಕ್ಲೀನ್ ಕಾಫಿ. ಬೆಂಗಳೂರಿನ ಅನಲಿಸ್ಟ್‌ಗೆ ಇದು ಗೊತ್ತಿರುವುದಿಲ್ಲ, ಕೇಳಲು ಸಂಕೋಚ. ಹಾಗಾಗಿ ಒಂದೇ ಒಂದು ಪುಟದಲ್ಲಿ ಬಿಡಿಸಿ ತೋರಿಸಬೇಕು: 200 ಚೀಲದ ತೋಟದಲ್ಲಿ ಒಣಗಿಸುವುದು, ವಿಂಗಡಿಸುವುದು ಸರಿಯಾಗಿ ಒಟಿ ಒಂದು ಪಾಯಿಂಟ್ ಏರಿದರೆ ಬೆಳೆಗಾರನಿಗೆ 200 ಕೆಜಿ ಕ್ಲೀನ್ ಕಾಫಿ ಹೆಚ್ಚು, ಅದರಲ್ಲಿ ನಮ್ಮ ಶುಲ್ಕ ಇಷ್ಟು. ಹತ್ತು ಪುಟದ ಮಾರುಕಟ್ಟೆ ವರ್ಣನೆ ಮಾಡದ ಕೆಲಸವನ್ನು ಈ ಒಂದು ಪುಟ ಮಾಡುತ್ತದೆ.

ಇನ್ನೊಂದು ತಪ್ಪು, ಕೈದಾಟಿದ ಮಾಲಿನ ಬೆಲೆಯನ್ನೇ ಆದಾಯ ಎಂದು ತೋರಿಸುವುದು. ನಿಮ್ಮ ಮೂಲಕ 6 ಕೋಟಿಯ ಕಾಫಿ ಮಾರಾಟವಾಗಿ ನಿಮಗೆ ಶೇ 2 ಕಮಿಷನ್ ಬಂದರೆ ಆದಾಯ 12 ಲಕ್ಷ, 6 ಕೋಟಿ ಅಲ್ಲ. ಜಿಎಸ್‌ಟಿ ರಿಟರ್ನ್ ತೆಗೆದ ಐದು ನಿಮಿಷಕ್ಕೆ ಇದು ಬಯಲಾಗುತ್ತದೆ, ಆಮೇಲೆ ನೀವು ಹೇಳಿದ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ. ಜನವರಿಯ ವಹಿವಾಟನ್ನು ಹನ್ನೆರಡರಿಂದ ಗುಣಿಸಿ ವಾರ್ಷಿಕ ಎನ್ನುವುದೂ ಇದೇ ಜಾತಿಯದು. ಸೀಸನ್ ವ್ಯಾಪಾರಕ್ಕೆ ತಿಂಗಳಿಂದ ತಿಂಗಳಿಗೆ ಬೆಳವಣಿಗೆ ಅಳೆಯಲಾಗದು. ಆಗಸ್ಟ್‌ನಲ್ಲಿ ಎದುರಿಗೆ ಕೂತ ಫಂಡಿನವರು ಕೇಳುತ್ತಾರೆ:

"ಸರ್, ಎಷ್ಟು ತೋಟ ನಿಮ್ಮ ಆ್ಯಪ್‌ನಲ್ಲಿದೆ?"

"ಮುನ್ನೂರು."

"ಹೋದ ತಿಂಗಳು ಎಷ್ಟು ಜನ ತೆರೆದಿದ್ದಾರೆ?"

"ನಲವತ್ತು."

ಇಲ್ಲಿಗೆ ಮಾತು ಸತ್ತಿತು. ಆಗಸ್ಟ್‌ನಲ್ಲಿ ತೋಟದವನಿಗೆ ಆ್ಯಪ್ ತೆರೆಯುವ ಕೆಲಸವೇ ಇಲ್ಲ, ಕೊಳೆರೋಗ ನೋಡಿಕೊಂಡರೆ ಸಾಕಾಗಿರುತ್ತದೆ. ಆ ಪ್ರಶ್ನೆ ಬರುವ ಮುಂಚೆಯೇ ಹಾಕಬೇಕಾದ ಪಟ್ಟಿ ಬೇರೆ: ಹಿಂದಿನ ಸೀಸನ್ನಿನಲ್ಲಿ ಬಳಸಿದ ಎಷ್ಟು ತೋಟಗಳು ಈ ಸೀಸನ್ನಿಗೂ ಮರಳಿದವು, ಪ್ರತಿ ತೋಟದಿಂದ ಬಂದ ಹಣ ಏರಿತೇ ಇಳಿಯಿತೇ.

ಯುರೋಪಿನ ಅರಣ್ಯನಾಶ ತಡೆ ನಿಯಮವನ್ನು ನಂಬಿ ಕಾಫಿ ಯಾವ ತೋಟದ್ದೆಂದು ತೋರಿಸುವ ಟ್ರೇಸಬಿಲಿಟಿ ಕಂಪನಿ ಕಟ್ಟಿದವರು ಈಗ ಮಲೆನಾಡಿನಲ್ಲಿ ಹಲವರು. ನಿಯಮ 2023ರದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, 4 ಹೆಕ್ಟೇರಿಗಿಂತ ದೊಡ್ಡ ಜಾಗಕ್ಕೆ ಗಡಿ ಗೆರೆಯ ನಕ್ಷೆಯೇ ಬೇಕು. ಬೇಡಿಕೆ ನಿಜ, ಆದರೆ ಜಾರಿ ದಿನಾಂಕ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. "ಇನ್ನೊಂದು ಸಲ ಮುಂದೆ ಹೋದರೆ ತೋಟದವರು ನಿಮಗೆ ಯಾಕೆ ದುಡ್ಡು ಕೊಡಬೇಕು?" ಎಂಬುದಕ್ಕೆ ಉತ್ತರ ಇರಬೇಕು. ಇಲ್ಲದಿದ್ದರೆ ಆ ಪುಟವನ್ನೇ ತೆಗೆಯುವುದು ಮೇಲು.

ಭೇಟಿಗಳ ವಿಷಯ ಚುಟುಕಾಗಿ. ಕೃಷಿ, ಆಹಾರ, ನಿಮ್ಮ ಹಂತ ಮೂರಕ್ಕೂ ಹೊಂದುವ ನಲವತ್ತು ಐವತ್ತು ಹೆಸರಿನ ಪಟ್ಟಿ ಮಾಡಿ, ಗುರುತಿನವರ ಮೂಲಕ ಪರಿಚಯ ಮಾಡಿಸಿಕೊಂಡು ಎರಡು ಮೂರು ವಾರದೊಳಗೆ ಎಲ್ಲ ಮೊದಲ ಕರೆಗಳನ್ನೂ ಮುಗಿಸಬೇಕು. ಒಬ್ಬರಾದ ಮೇಲೆ ಒಬ್ಬರನ್ನು ಕಾಯುತ್ತ ಹೋದರೆ ಮಳೆಗಾಲ ಮುಗಿದರೂ ಪಟ್ಟಿ ಮುಗಿಯುವುದಿಲ್ಲ. ಅನಲಿಸ್ಟ್, ಪಾರ್ಟ್‌ನರ್, ಆಮೇಲೆ ಹೂಡಿಕೆ ಸಮಿತಿ, ಇದು ಏಣಿ. ಸಮಿತಿಗೆ ಹೋಗದ ಹೊಗಳಿಕೆಗೆ ಬೆಲೆಯಿಲ್ಲ. "ನಿಮ್ಮನ್ನು ಗಮನಿಸ್ತಾ ಇರ್ತೀವಿ" ಅಂದರೆ ಬೇಡ ಅಂತಲೇ ಅರ್ಥ. ನಮ್ಮ ಕಡೆಯವರು ಅದನ್ನು ಮರ್ಯಾದೆಯ ಮಾತೆಂದು ತಿಳಿದು ತಿಂಗಳುಗಟ್ಟಲೆ ಕಾಯುತ್ತಾರೆ.

ಹೂಡಿಕೆಯ ಷರತ್ತುಗಳ ಕರಡು, ಅಂದರೆ ಟರ್ಮ್ ಶೀಟ್, ಬಂದ ದಿನ ಮೊದಲು ಕಣ್ಣು ಹೋಗುವುದು ಕಂಪನಿಗೆ ಕಟ್ಟಿದ ಬೆಲೆ, ವ್ಯಾಲ್ಯುಯೇಷನ್ ಮೇಲೆ. ಹೋಗಬೇಕಾದದ್ದು ಅದರ ಪಕ್ಕದ ಇಸಾಪ್ ಸಾಲಿಗೆ, ನೌಕರರಿಗೆಂದು ಎತ್ತಿಡುವ ಷೇರಿನ ಸಾಲು ಅದು. ಒಂದು ಲೆಕ್ಕ ಮಾಡಿ ನೋಡೋಣ. ಸ್ಥಾಪಕರ ಬಳಿ 10,000 ಷೇರು. ಹಣ ಬರುವ ಮುಂಚಿನ ಬೆಲೆ 8 ಕೋಟಿ, ಬರುವ ಹಣ 2 ಕೋಟಿ, ಬಂದ ಮೇಲೆ 10 ಕೋಟಿ. ಹೂಡಿಕೆದಾರರಿಗೆ ಶೇ 20. ಇಷ್ಟೇ ಆಗಿದ್ದರೆ ಒಂದು ಷೇರಿಗೆ 8,000 ರೂಪಾಯಿ. ಆದರೆ "ಒಟ್ಟು ಬಂಡವಾಳದ ಶೇ 10ರಷ್ಟು ಇಸಾಪ್ ಪೂಲ್, ಹೂಡಿಕೆಗೆ ಮುಂಚಿನ ಬೆಲೆಯೊಳಗೇ" ಎಂದು ಬರೆದಿದ್ದರೆ ಆ ಹತ್ತು ಪೂರ್ತಿ ಸ್ಥಾಪಕರ ಪಾಲಿನಿಂದಲೇ ಹೋಗುತ್ತದೆ. ಸ್ಥಾಪಕರಿಗೆ ಶೇ 70, ಅಂದರೆ 7 ಕೋಟಿ; ಒಂದು ಷೇರಿಗೆ 7,000. ಕಾಗದದ ಮೇಲೆ 8, ನಿಮ್ಮ ಕೈಯಲ್ಲಿ 7. ಇದು ಮೋಸವಲ್ಲ, ರೂಢಿ. ಆದರೆ ಮುಂದಿನ ಹದಿನೆಂಟು ತಿಂಗಳಲ್ಲಿ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ, ಯಾರಿಗೆ ಎಷ್ಟು ಷೇರು ಎಂಬ ಪಟ್ಟಿ ಮುಂದಿಟ್ಟರೆ ಪೂಲು ಹತ್ತರಿಂದ ಆರಕ್ಕೋ ಏಳಕ್ಕೋ ಇಳಿಯುತ್ತದೆ. ಪಟ್ಟಿ ಇಲ್ಲದೆ ಚೌಕಾಸಿಗೆ ಕೂತರೆ ಹತ್ತೇ.

ಎರಡನೆಯದು ಲಿಕ್ವಿಡೇಷನ್ ಪ್ರಿಫರೆನ್ಸ್, ಕಂಪನಿ ಮಾರಿದರೆ ಯಾರಿಗೆ ಮೊದಲು ಹಣ ಎಂಬ ಷರತ್ತು. ಹೇಳಿದಷ್ಟು ಬೆಳೆಯದೆ ಕಂಪನಿ 6 ಕೋಟಿಗೆ ಮಾರಾಟವಾಯಿತು ಅನ್ನಿ. ಹಾಕಿದ ಹಣದ ಒಂದು ಪಟ್ಟು, ನಾನ್ ಪಾರ್ಟಿಸಿಪೇಟಿಂಗ್ ಎಂದಿದ್ದರೆ ಹೂಡಿಕೆದಾರರು ತಮ್ಮ 2 ಕೋಟಿ ತೆಗೆದುಕೊಳ್ಳುತ್ತಾರೆ, ಉಳಿದವರಿಗೆ 4 ಕೋಟಿ. ಪಾರ್ಟಿಸಿಪೇಟಿಂಗ್ ಎಂದಿದ್ದರೆ 2 ಕೋಟಿ ತೆಗೆದುಕೊಂಡು, ಉಳಿದ 4ರಲ್ಲಿ ಮತ್ತೆ ಶೇ 20, ಅಂದರೆ 80 ಲಕ್ಷ. 'ನಾನ್' ಎಂಬ ಎರಡಕ್ಷರಕ್ಕೆ 80 ಲಕ್ಷ ಬೆಲೆ. ಮುಂದೆ ಕಡಿಮೆ ಬೆಲೆಗೆ ಷೇರು ಹೋದರೆ ಹೂಡಿಕೆದಾರರಿಗೆ ಪರಿಹಾರ ಕೊಡುವ ಷರತ್ತು ಆ್ಯಂಟಿ ಡೈಲ್ಯೂಷನ್‌ನಲ್ಲಿ ಬ್ರಾಡ್ ಬೇಸ್ಡ್ ವೆಯ್ಟೆಡ್ ಆವರೇಜ್ ಎಂಬ ಮಾತಿದ್ದರೆ, ಅಂದರೆ ಬೆಲೆ ಸರಾಸರಿಯಂತೆ ಮಾತ್ರ ಇಳಿಯುವಂತಿದ್ದರೆ, ಒಪ್ಪಬಹುದು, ಫುಲ್ ರ್‍ಯಾಚೆಟ್ ಎಂದಿದ್ದರೆ, ಅಂದರೆ ಹಳೆಯ ಬೆಲೆ ಪೂರ್ತಿ ಹೊಸ ಬೆಲೆಗೇ ಇಳಿಯುವಂತಿದ್ದರೆ, ಬೇಡ. ಸ್ಥಾಪಕರ ಷೇರಿಗೆ ನಾಲ್ಕು ವರ್ಷದ ವೆಸ್ಟಿಂಗ್, ಅಂದರೆ ದುಡಿದ ಕಾಲಕ್ಕೆ ತಕ್ಕಂತೆ ಷೇರು ಸ್ವಂತವಾಗುವ ಷರತ್ತು, ಕೇಳುತ್ತಾರೆ. ಈಗಾಗಲೇ ದುಡಿದ ವರ್ಷಗಳನ್ನು ಅದರಲ್ಲಿ ಜಮಾ ಮಾಡಿಸಿಕೊಳ್ಳಿ.

ಕೊನೆಯ ಪುಟಗಳಲ್ಲಿ ಇಂಡೆಮ್ನಿಟಿ ಇರುತ್ತದೆ, ಓದಿ ಓದಿ ಸುಸ್ತಾದ ಹೊತ್ತಿಗೆ ಬರುವ ಪುಟಗಳು. ಕಂಪನಿ ಹೇಳಿದ್ದು ಸುಳ್ಳಾದರೆ ನಷ್ಟ ತುಂಬುವವರು ಯಾರು? ಅಲ್ಲಿ ಸ್ಥಾಪಕರ ಹೆಸರೂ ಸೇರಿದ್ದರೆ ಹೊಣೆಗೆ ಮೊತ್ತದ ಮಿತಿ, ಕಾಲದ ಮಿತಿ ಎರಡನ್ನೂ ಬರೆಸಬೇಕು. ಪಹಣಿಯಲ್ಲಿ ಸ್ಥಾಪಕರ ಹೆಸರೂ ಇರುವ ತೋಟ ಮಲೆನಾಡಿನಲ್ಲಿ ಸಾಮಾನ್ಯ. ಮಿತಿಯಿಲ್ಲದ ವೈಯಕ್ತಿಕ ಹೊಣೆ ಎಂದರೆ ಅಜ್ಜ ನೆಟ್ಟ ಗಿಡಗಳನ್ನು ಪಣಕ್ಕಿಟ್ಟ ಹಾಗೆ. ಇಷ್ಟು ವರ್ಷದೊಳಗೆ ಹೊರಹೋಗಲು ದಾರಿ ಸಿಗದಿದ್ದರೆ ಸ್ಥಾಪಕರೇ ಷೇರು ಮರಳಿ ಕೊಳ್ಳಬೇಕು ಎಂಬ ಷರತ್ತನ್ನೂ ಹೀಗೇ ನೋಡಬೇಕು. ಆ ಹೊಣೆ ಕಂಪನಿಯ ಮೇಲಿರಲಿ, ಮನೆಯ ಮೇಲೆ ಬೇಡ.

ಟರ್ಮ್ ಶೀಟ್‌ನ ಹೆಚ್ಚಿನ ಮಾತುಗಳು ಕಾನೂನಿಗೆ ಕಟ್ಟುಬೀಳುವಂಥವಲ್ಲ. ಗೋಪ್ಯತೆ, ಖರ್ಚು, ಬೇರೆಯವರ ಹತ್ತಿರ ಮಾತಾಡಬಾರದೆಂಬ ಅವಧಿ, ಈ ಮೂರು ಕಟ್ಟುತ್ತವೆ. ಆ ಅವಧಿ 30ರಿಂದ 60 ದಿನ ಸಾಕು. ಫಂಡಿನ ವಕೀಲರ ಬಿಲ್ಲನ್ನು ಕಂಪನಿಯೇ ಕಟ್ಟುವುದು ಪದ್ಧತಿ, ಅದಕ್ಕೂ ಗರಿಷ್ಠ ಮೊತ್ತ ಬರೆಸಿ.

ಸಹಿ ಬಿದ್ದ ಮೇಲೆ ಡ್ಯೂ ಡಿಲಿಜೆನ್ಸ್, ಕಂಪನಿಯ ಕಾಗದಪತ್ರಗಳ ತಪಾಸಣೆ. ಇಲ್ಲೇ ನಮ್ಮ ಕಡೆಯ ಕಂಪನಿಗಳು ಎರಡೆರಡು ತಿಂಗಳು ಕಳೆದುಕೊಳ್ಳುವುದು, ಮತ್ತು ಬಹುಪಾಲು ಮನೆಯ ಲೆಕ್ಕಕ್ಕಾಗಿ. ಕಂಪನಿ ಶುರುವಾದಾಗ ಮಾವನೋ ಚಿಕ್ಕಪ್ಪನೋ "ತಗೊಳಪ್ಪ, ಸಾಲ ಅಂತ ಬರ್ಕೋ, ಆಮೇಲೆ ನೋಡೋಣ" ಎಂದು 5 ಲಕ್ಷ ಕೊಟ್ಟಿರುತ್ತಾರೆ. 2013ರ ಕಂಪನಿ ಕಾಯ್ದೆಯಲ್ಲಿ 'ಸಂಬಂಧಿ' ಎಂದರೆ ಅವಿಭಕ್ತ ಕುಟುಂಬದ ಸದಸ್ಯರು, ಗಂಡ ಅಥವಾ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ. ಅಷ್ಟೇ. ಮಾವ ಇಲ್ಲ, ಭಾವ ಇಲ್ಲ, ಬೇರೆ ಮನೆ ಮಾಡಿದ ಚಿಕ್ಕಪ್ಪನೂ ಇಲ್ಲ. ನಿರ್ದೇಶಕರೋ ಅವರ ಸಂಬಂಧಿಯೋ ಸಾಲ ಕೊಡಬಹುದು, ಬೇರೆಯವರಿಂದ ಸಾಲ ತಂದು ಕೊಟ್ಟದ್ದಲ್ಲ ಎಂದು ಬರೆದುಕೊಟ್ಟು. ಷೇರುದಾರರೂ ಅಲ್ಲದ ಮಾವನ 5 ಲಕ್ಷ ಕಾನೂನಿನ ಕಣ್ಣಿಗೆ ಡೆಪಾಸಿಟ್. ಫಂಡಿನ ವಕೀಲರು ಹಿಡಿಯುವ ಮೊದಲ ತಪ್ಪು ಇದು. ಪುಸ್ತಕದಲ್ಲಿ ಅದನ್ನು ಅಡಗಿಸುವುದು ಪರಿಹಾರವಲ್ಲ. ಬ್ಯಾಂಕ್ ಮೂಲಕ ವಾಪಸ್ ಕೊಡಬೇಕು. ಅವರಿಗೆ ಷೇರು ಬೇಕಿದ್ದರೆ ಕ್ರಮಬದ್ಧವಾಗಿ ಹೊಸದಾಗಿ ಹಣ ತರಿಸಬೇಕು. ಅದೂ ಅವರದೇ ಖಾತೆಯಿಂದ. ಆಯ್ದ ಕೆಲವರಿಗಷ್ಟೇ ಷೇರು ಕೊಡುವ ಪ್ರೈವೇಟ್ ಪ್ಲೇಸ್‌ಮೆಂಟ್‌ನಲ್ಲಿ ನಗದು ನಡೆಯುವುದಿಲ್ಲ, ಮಾವನ ಷೇರಿಗೆ ಅತ್ತೆಯ ಖಾತೆಯಿಂದ ಹಣ ಬಂದರೂ ನಡೆಯುವುದಿಲ್ಲ.

ಊರಿನ ಇಪ್ಪತ್ತು ಬೆಳೆಗಾರರಿಂದ ಐದೈದು ಲಕ್ಷ ಸೇರಿಸುವ ಆಸೆಯೂ ಸಹಜ. ಆಮೇಲೆ ಷೇರಾಗಿ ಬದಲಾಗುವ ಸಾಲಪತ್ರ, ಕನ್ವರ್ಟಿಬಲ್ ನೋಟ್ ಆದರೆ ಒಬ್ಬೊಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಬೇಕು, ಐದು ಲಕ್ಷಕ್ಕೆ ಆ ದಾರಿ ಮುಚ್ಚಿದೆ. ಷೇರು ಕೊಟ್ಟರೆ ಮುಂದಿನ ಪ್ರತಿ ಸುತ್ತಿನ ಒಪ್ಪಂದಕ್ಕೂ ಇಪ್ಪತ್ತು ಸಹಿ ಬೇಕು, ಅದರಲ್ಲಿ ಮೂವರು ಎಸ್ಟೇಟಿನೊಳಗೆ ಸಿಗ್ನಲ್ ಇಲ್ಲದ ಕಡೆ, ಒಟಿಪಿ ಬರುವುದಿಲ್ಲ. ಮೊದಲ ದಿನವೇ ಅವರೆಲ್ಲರ ಪರವಾಗಿ ಒಬ್ಬರಿಗೆ ಅಧಿಕಾರ ಪತ್ರ ಬರೆಸಿಕೊಂಡರೆ ಆಮೇಲಿನ ಅರ್ಧ ತಲೆನೋವು ತಪ್ಪುತ್ತದೆ.

ಅಪ್ಪನ ತೋಟದ ಕಾಫಿಯನ್ನೇ ಕಂಪನಿ ಕೊಳ್ಳುತ್ತಿದ್ದರೆ ಅದು ರಿಲೇಟೆಡ್ ಪಾರ್ಟಿ, ಅಂದರೆ ಸಂಬಂಧಿಗಳ ಜತೆಗಿನ ವ್ಯವಹಾರ. ಕೊಳ್ಳುವುದು ತಪ್ಪಲ್ಲ. ಬೋರ್ಡ್ ಠರಾವು, ಆ ದಿನದ ಮಾರುಕಟ್ಟೆ ದರದ ದಾಖಲೆ, ಒಟಿ ಚೀಟಿ, ತೂಕದ ಚೀಟಿ ನಾಲ್ಕೂ ಒಂದೇ ಫೈಲಿನಲ್ಲಿರಬೇಕು. ಬೇರೆ ತೋಟಗಳಿಗೆ ಕೊಟ್ಟ ದರಕ್ಕಿಂತ ಅಪ್ಪನಿಗೆ ಚೀಲಕ್ಕೆ ನೂರು ರೂಪಾಯಿ ಹೆಚ್ಚು ಹೋಗಿದ್ದರೂ ಕೇಳುತ್ತಾರೆ. ನೋಂದಾಯಿತ ಕಚೇರಿ ತೋಟದ ಮನೆಯಲ್ಲಿದ್ದು ಕರೆಂಟ್ ಬಿಲ್ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಅದನ್ನೂ ಈಗಲೇ ಸರಿಮಾಡಿಕೊಳ್ಳಬೇಕು, ವಿಳಾಸ ಬದಲಿಸುವ ಅರ್ಜಿಗೆ ಎರಡು ತಿಂಗಳಿಗಿಂತ ಹಳೆಯ ಬಿಲ್ ನಡೆಯುವುದಿಲ್ಲ.

ಇನ್ನೊಂದು, ಕೋಡ್ ಯಾರದು? ಕಂಪನಿ ನೋಂದಣಿಗೆ ಮುಂಚೆ ಹಾಸನದ ಯಾವುದೋ ಕಾಲೇಜಿನ ಹುಡುಗರು ಪ್ರಾಜೆಕ್ಟ್ ಹೆಸರಿನಲ್ಲಿ ಬರೆದದ್ದಾದರೆ ಅದರ ಹಕ್ಕು ಅವರದೇ, ಅವರು ಬರವಣಿಗೆಯಲ್ಲಿ ವರ್ಗಾಯಿಸುವವರೆಗೆ. ಆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. 'ಶಾಶ್ವತವಾಗಿ, ಜಗತ್ತಿನಾದ್ಯಂತ' ಎಂಬ ಎರಡು ಪದ ಇರಲೇಬೇಕು. ಹುಡುಗರು ಇನ್ನೂ ಊರಿನಲ್ಲಿರುವಾಗ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. ಫಂಡಿಂಗ್ ಸುದ್ದಿ ಬಂದ ಮೇಲೆ ಸಹಿಯ ಬೆಲೆ ಏರುತ್ತದೆ.

ನ್ಯಾಯಬೆಲೆಗಿಂತ ಹೆಚ್ಚಿಗೆ ಷೇರು ಕೊಟ್ಟರೆ ಬೀಳುತ್ತಿದ್ದ ಏಂಜೆಲ್ ಟ್ಯಾಕ್ಸ್ ಎಂದು ಹೆದರುತ್ತಿದ್ದ ಕಾಲ ಹೋಯಿತು. 2012ರಲ್ಲಿ ಬಂದದ್ದು 2024ರ ಬಜೆಟ್‌ನಲ್ಲಿ ಹೋಯಿತು. ಆದರೆ ಅದಕ್ಕೆ ಮುಂಚಿನ ವರ್ಷಗಳಲ್ಲಿ ಮುಖಬೆಲೆಗಿಂತ ಹೆಚ್ಚಿನ ಪ್ರೀಮಿಯಂಗೆ ಷೇರು ಕೊಟ್ಟಿದ್ದರೆ ಆಗಿನ ವ್ಯಾಲ್ಯುಯೇಷನ್ ವರದಿ, ಕೇಂದ್ರದ ಡಿಪಿಐಐಟಿ ಇಲಾಖೆಯ ಸ್ಟಾರ್ಟಪ್ ಮಾನ್ಯತೆ, ವಿನಾಯಿತಿಯ ಘೋಷಣೆ ಇವನ್ನು ಇಟ್ಟುಕೊಂಡಿರಬೇಕು.

ಇನ್ನು ಮುಗಿಸುವ ಕಾಗದಗಳು. ಕ್ರಮ ತಪ್ಪಿದರೆ ದಂಡ, ಆದ್ದರಿಂದ ಕಂಪನಿ ಸೆಕ್ರೆಟರಿ (ಸಿಎಸ್) ಜತೆ ದಿನಾಂಕ ಹಾಕಿ ಬರೆದುಕೊಳ್ಳಬೇಕು. ಅಧಿಕೃತ ಬಂಡವಾಳ (ಕಂಪನಿ ಕೊಡಬಹುದಾದ ಷೇರಿನ ಗರಿಷ್ಠ ಮೊತ್ತ) ಸಾಲದಿದ್ದರೆ ಏರಿಸಿ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ನಮೂನೆ ಎಸ್‌ಎಚ್-7. ಹೊಸ ಷೇರಿನ ಬೆಲೆಗೆ ನೋಂದಾಯಿತ ವ್ಯಾಲ್ಯುಯರ್ ವರದಿ. ಷೇರುದಾರರ ವಿಶೇಷ ಸಭೆ ಇಜಿಎಂಗೆ 21 ಪೂರ್ಣ ದಿನದ ನೋಟಿಸ್, ಮತದಾನದ ಹಕ್ಕಿನ ಶೇ 95 ಇರುವವರು ಒಪ್ಪಿದರೆ ಕಡಿಮೆ ದಿನ ಸಾಕು. ವಿಶೇಷ ನಿರ್ಣಯವಾದ ಮೇಲೆ ಅದನ್ನು ತಿಳಿಸುವ ನಮೂನೆ ಎಂಜಿಟಿ-14 ಸಲ್ಲಿಸಬೇಕು, ಅದು ಸಲ್ಲಿಕೆಯಾದ ಮೇಲಷ್ಟೇ ಹೂಡಿಕೆದಾರರಿಗೆ ಷೇರು ಕೊಳ್ಳಲು ಆಹ್ವಾನಿಸುವ ಪಿಎಎಸ್-4 ಪತ್ರ. ಉತ್ಸಾಹದಲ್ಲಿ ಪತ್ರಕ್ಕೆ ಮುಂಚೆಯೇ ಹಣ ಕಳಿಸಿಬಿಡುವ ಹೂಡಿಕೆದಾರರಿದ್ದಾರೆ, ದಾಖಲೆಯಲ್ಲಿ ಅದು ಕಲೆಯಾಗಿ ಉಳಿಯುತ್ತದೆ. ಹಣ ಬೀಳಬೇಕಾದದ್ದು ಇದಕ್ಕೆಂದೇ ತೆರೆದ ಪ್ರತ್ಯೇಕ ಖಾತೆಗೆ. ಬಂದ 60 ದಿನದೊಳಗೆ ಷೇರು ಹಂಚಬೇಕು. ಆಗದಿದ್ದರೆ ಮುಂದಿನ 15 ದಿನದಲ್ಲಿ ಹಣ ವಾಪಸ್, ಅದೂ ತಪ್ಪಿದರೆ ಶೇ 12 ಬಡ್ಡಿ. ಒಪ್ಪಂದದ ಷರತ್ತುಗಳನ್ನು ಕಂಪನಿಯ ನಿಯಮಾವಳಿಗೂ ಸೇರಿಸಿಯೇ ಹಣ ಬಿಡುತ್ತಾರೆ, ಅಲ್ಲಿ ಇಲ್ಲದ್ದನ್ನು ಕಂಪನಿಯ ಮೇಲೆ ಜಾರಿ ಮಾಡಿಸುವುದು ಕಷ್ಟ.

ಷೇರು ಡಿಮ್ಯಾಟ್‌ನಲ್ಲಿರಬೇಕು, ಸೆಬಿಯಲ್ಲಿ ನೋಂದಾಯಿತ ಫಂಡುಗಳ ಹೊಸ ಹೂಡಿಕೆಗೆ ಈಗ ಅದೇ ನಿಯಮ. ಕಂಪನಿಗೆ ಐಎಸ್‌ಐಎನ್ (ಡಿಮ್ಯಾಟ್ ಷೇರಿನ ಗುರುತು ಸಂಖ್ಯೆ) ಪಡೆಯಲು ವಾರಗಳೇ ಹಿಡಿಯುತ್ತವೆ. ಟರ್ಮ್ ಶೀಟ್ ಬಂದ ದಿನವೇ ಅರ್ಜಿ ಹಾಕದಿದ್ದರೆ ಎಲ್ಲ ಸಿದ್ಧವಾಗಿ ಇದೊಂದಕ್ಕೆ ಕೂರಬೇಕು. ವಿದೇಶಿ ಹಣವಿದ್ದರೆ ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವರದಿ, ಎಫ್‌ಸಿ-ಜಿಪಿಆರ್. ಹಣ ತಂದ ಬ್ಯಾಂಕಿನಿಂದ ರವಾನೆ ಪತ್ರ, ಕೆವೈಸಿ ಬರುವುದೇ ತಡ, ಊರಿನ ಶಾಖೆಯಲ್ಲಿ ಇದನ್ನು ಕಂಡವರು ವಿರಳ. ಖಾತೆ ತೆರೆಯುವಾಗಲೇ ಬೆಂಗಳೂರಿನ ವಿದೇಶಿ ವಿನಿಮಯ ಶಾಖೆಯನ್ನು ಹಿಡಿಯುವುದು ಕ್ಷೇಮ.

ಕೊನೆಗೆ ಒಂದು ಚಿಲ್ಲರೆ ವಿಷಯ. ಮೇಲಿನ ಲೆಕ್ಕದಲ್ಲಿ ಷೇರಿಗೆ 7,000 ರೂಪಾಯಿಯಂತೆ 2 ಕೋಟಿಗೆ 2,857 ಷೇರು ಬರುತ್ತದೆ, ಅದರ ಬೆಲೆ 1,99,99,000. ಫಂಡಿನವರು ದುಂಡಗೆ 2 ಕೋಟಿ ಕಳಿಸಿದರೆ 1,000 ರೂಪಾಯಿ ಷೇರಿಲ್ಲದ ಹಣವಾಗಿ ಉಳಿಯುತ್ತದೆ, ಅದನ್ನು ವಾಪಸ್ ಕಳಿಸಿ ರಸೀದಿ ಇಡಬೇಕು. ಪಿಎಎಸ್-4ರಲ್ಲೇ ಷೇರು ಗುಣಿಸು ಬೆಲೆ ಎಂದು ಮೊತ್ತ ಬರೆದರೆ ಈ ಗೊಂದಲವಿಲ್ಲ. ಷೇರು ಹಂಚಿದ 15 ದಿನದೊಳಗೆ ಹಂಚಿಕೆಯ ವರದಿ ಪಿಎಎಸ್-3 ಹೋಗಬೇಕು, ತಡವಾದ ಪ್ರತಿ ದಿನಕ್ಕೂ 1,000 ರೂಪಾಯಿ ದಂಡ, ಗರಿಷ್ಠ 25 ಲಕ್ಷ. ಅದು ಸಲ್ಲಿಕೆಯಾಗುವವರೆಗೆ ಪ್ರತ್ಯೇಕ ಖಾತೆಯ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ, ಸಂಬಳ ನಿಂತಿದ್ದರೂ. ಹಾಗಾಗಿ ಅಕ್ಟೋಬರ್ ತಿಂಗಳ ಸಂಬಳವನ್ನು ಈ ಹಣದಿಂದಲೇ ಕೊಡುವುದಾಗಿ ಯಾರಿಗೂ ಮಾತು ಕೊಡಬೇಡಿ.